ಹೆಜ್ಜೆ ಮುಖ್ಯವೋ ಸೊಂಟ ಮುಖ್ಯವೋ

ಮಾರ್ಚ್ 4, ಸೋಮವಾರ

ಪಾರ್ಕಿಂಗ್ ಸಿಗದೆ ಸಭೆಗೆ ತಡವಾಗಿ ಹೋದ ತಪ್ಪಿಗೆ ನಾನು ಬೇಸ್‌ಬಾಲ್ ಕೋಚ್ ಆಗಿದ್ದೇನೆ. ಮಕ್ಕಳ ತಂಡದ ಹಳೆಯ ಕೋಚ್ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡಿದ್ದಾರೆ. ಬದಲಿಗೆ ಯಾರಾದರೂ ಬೇಕು ಎಂದು ಪೋಷಕರನ್ನೆಲ್ಲ ಕರೆದಿದ್ದರು. ನಾನು ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರು. ಏನೋ ಒಳ್ಳೆಯ ಸುದ್ದಿ ಇರಬೇಕು ಎಂದು ನಾನೂ ತಟ್ಟಿದೆ. ಆಯ್ಕೆ ಮುಗಿದಿತ್ತು ಎಂದು ಗೊತ್ತಾದದ್ದು ಆಮೇಲೆ.

"ನೀವು ಡ್ರೈವಿಂಗ್ ಸ್ಕೂಲ್ ನಡೆಸೋರು. ಕಲಿಸೋದು ನಿಮಗೆ ನೀರು ಕುಡಿದ ಹಾಗೆ," ಎಂದರು ಬೇಕರಿಯವರು. ಅವರ ಅವಳಿ ಗಂಡುಮಕ್ಕಳು ತಂಡದಲ್ಲಿದ್ದಾರೆ. ಅಷ್ಟು ಗೊತ್ತಿದ್ದವರು ತಾವೇ ಯಾಕೆ ಆಗಬಾರದಿತ್ತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವರ ಕೈಯಲ್ಲಿ ಬನ್ನಿನ ತಟ್ಟೆ ಇತ್ತು.

ಬೇಸ್‌ಬಾಲ್ ಬಗ್ಗೆ ನನಗೆ ಗೊತ್ತಿರುವುದು ಇಷ್ಟು: ಒಬ್ಬ ಎಸೆಯುತ್ತಾನೆ, ಒಬ್ಬ ಹೊಡೆಯುತ್ತಾನೆ, ಹೊಡೆದವನು ಓಡುತ್ತಾನೆ. ಮೂರು ಸಲ ತಪ್ಪಿದರೆ ಔಟ್. ಹೊಡೆಯಬಹುದಾದ ಚೆಂಡನ್ನು ಸುಮ್ಮನೆ ಬಿಟ್ಟರೂ ಅದು ತಪ್ಪಿದ ಲೆಕ್ಕವೇ. ಚೆಂಡು ಹೊಡೆಯಬಹುದಾದಷ್ಟು ಒಳಗೆ ಬಂತೋ, ಹೊರಗೆ ಹೋಯಿತೋ ಎಂದು ಹೇಳುವವರು ಅಂಪೈರ್. ಅವರ ಮಾತೇ ಕೊನೆ.

ಮನೆಗೆ ಬಂದು ಹೇಳಿದೆ. ಹೆಂಡತಿ ನಗಲಿಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಬೆಳಗಿನಿಂದ ಸಂಜೆಯವರೆಗೆ ಜನರ ಕಣ್ಣು ನೋಡಿ ನೋಡಿ ಅವಳಿಗೆ ಯಾರ ಮಾತಿನ ಮೇಲೂ ನಂಬಿಕೆ ಇಲ್ಲ.

"ಕೋಚ್ ಆಗಿ. ಬೇಡ ಅನ್ನಲ್ಲ. ಆದ್ರೆ ಈ ಒಂದು ಸೀಸನ್ ಅಷ್ಟೇ ರೀ. ಅವಳ ಭಯ ಹೋದ್ರೆ ಸರಿ. ಹೋಗಲಿಲ್ಲ ಅಂದ್ರೆ ಬ್ಯಾಟ್ ಅಟ್ಟಕ್ಕೆ."

ಅವಳು ಎಂದರೆ ನಮ್ಮ ಮಗಳು, ಮನೆಯಲ್ಲಿ ಕರೆಯುವುದು ಮೆಣಸು ಎಂದು. ಹನ್ನೊಂದು ವರ್ಷ. ಹೋದ ವರ್ಷ ಚೆಂಡು ಬಂದು ಕೆನ್ನೆಯ ಮೂಳೆಗೆ ಬಡಿಯಿತು. ಇನ್ನೊಂದು ಬೆರಳಿನಷ್ಟು ಮೇಲೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು ಎಂದರು ಡಾಕ್ಟರು. ಅವತ್ತಿನಿಂದ ಮನೆಯಲ್ಲಿ ಅವಳ ಮಾತು ಕಡಿಮೆ. ಆದರೂ ಪ್ರತಿ ಶನಿವಾರ ಹೆಲ್ಮೆಟ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ಇಷ್ಟವಿಲ್ಲದಿದ್ದರೆ ಬಿಡು ಎಂದರೆ ಬಿಡುವುದೂ ಇಲ್ಲ.

ಮಾರ್ಚ್ 6, ಬುಧವಾರ

ಹಳೆಯ ಕೋಚನ್ನು ನೋಡಿ ಬಂದೆ. ಕಾಲಿಗೆ ಸೊಂಟದವರೆಗೆ ಪ್ಲಾಸ್ಟರ್, ಅದರ ಕೆಳಗೆ ಎರಡು ದಿಂಬು. ಹೊಡೆಯುವುದನ್ನು ಹೇಗೆ ಕಲಿಸುತ್ತೀರಿ ಎಂದು ಕೇಳಿದೆ. ಮಲಗಿದ್ದಲ್ಲೇ ಊರುಗೋಲು ಎತ್ತಿದರು.

"ಹೆಜ್ಜೆ ಕಣಯ್ಯಾ, ಹೆಜ್ಜೆ. ಚೆಂಡು ನಿನ್ನ ಹತ್ರ ಬರೋವರೆಗೂ ಕಾಯ್ಬೇಡ, ನೀನೇ ಅದರ ಹತ್ರ ಹೋಗು. ಮೈಭಾರ ಹಿಂಗಾಲಲ್ಲಿ ಇರ್ಬೇಕು, ಹೊಡೆಯೋ ಹೊತ್ತಿಗೆ ಮುಂಗಾಲಿಗೆ ಬರ್ಬೇಕು. ಬ್ಯಾಟ್ ಮೇಲಿಂದ ಕೆಳಗೆ, ಸೌದೆ ಒಡೆದ ಹಾಗೆ."

ತೋರಿಸಲು ಹೋಗಿ ಊರುಗೋಲು ಗೋಡೆಗೆ ತಾಗಿತು. ಅವರ ಸೊಸೆ ಒಳಗಿನಿಂದಲೇ, "ಮಾವ, ಇನ್ನೊಂದು ಕಾಲು ನೆಟ್ಟಗಿರಲಿ," ಎಂದಳು. ನಾನು ಎಲ್ಲ ಬರೆದುಕೊಂಡೆ.

ಮಾರ್ಚ್ 7, ಗುರುವಾರ

ಬೇಕರಿಗೆ ಹೋದದ್ದು ಬ್ರೆಡ್ ತರಲು. ಹೆಜ್ಜೆಯ ವಿಷಯ ಎತ್ತಿದ್ದೇ ತಪ್ಪಾಯಿತು. ಬೇಕರಿಯವರು ಲಟ್ಟಣಿಗೆ ಹಿಡಿದು ಕೌಂಟರಿನಿಂದ ಹೊರಗೆ ಬಂದರು.

"ಹೆಜ್ಜೆ ಹಾಕೋದೆಲ್ಲ ಹಳೇ ಕಾಲದ್ದು ಸಾರ್. ಈಗೆಲ್ಲ ಸೊಂಟ. ನಿಂತ ಜಾಗ ಬಿಡಬಾರದು. ಹಿಂಗಾಲು ಅಲ್ಲೇ ತಿರುಚಬೇಕು, ಸೊಂಟ ಮೊದಲು ತಿರುಗಬೇಕು, ಕೈ ಆಮೇಲೆ ತಾನಾಗೇ ಬರುತ್ತೆ. ಬ್ಯಾಟು ಸ್ವಲ್ಪ ಕೆಳಗಿಂದ ಮೇಲಕ್ಕೆ. ಸೌದೆ ಒಡೆಯೋಕೆ ಇದೇನು ಕಾಡಾ?"

ಮೂರು ಸಲ ತಿರುಗಿ ತೋರಿಸಿದರು. ನಿಜ ಹೇಳಬೇಕೆಂದರೆ ಸೊಗಸಾಗಿತ್ತು, ಅಷ್ಟು ದಪ್ಪ ಮನುಷ್ಯ ಅಷ್ಟು ಸಲೀಸಾಗಿ ತಿರುಗುವುದನ್ನು ನಾನು ಕಂಡಿರಲಿಲ್ಲ. ಸಾಲಿನಲ್ಲಿದ್ದ ಹೆಂಗಸೊಬ್ಬರು ತಮಗೆ ರಸ್ಕ್ ಬೇಕಾಗಿತ್ತು ಎಂದು ನೆನಪಿಸಿದರು.

ಹೆಜ್ಜೆಯವರು, ಸೊಂಟದವರು. ಎರಡೂ ಸರಿ ಇರಲಾರದು. ಎರಡನ್ನೂ ಸಮನಾಗಿ ಪರೀಕ್ಷಿಸಿ ಯಾವುದು ಮೇಲು ಎಂದು ತೀರ್ಮಾನಿಸುತ್ತೇನೆ. ಈ ಊರಿನಲ್ಲಿ ಇದುವರೆಗೆ ಯಾರೂ ಮಾಡಿರಲಿಕ್ಕಿಲ್ಲ.

ಮಾರ್ಚ್ 9, ಶನಿವಾರ

ಮಕ್ಕಳಿಗೆ ಹೇಳಿಕೊಡುವ ಮೊದಲು ನನ್ನ ಮೈಗೆ ಬರಬೇಕು. ಮಲಗುವ ಕೋಣೆಯ ಕನ್ನಡಿಯ ಮುಂದೆ ಕೊಡೆ ಹಿಡಿದು ಹೆಜ್ಜೆಯ ಪದ್ಧತಿ ಮಾಡಿದೆ. ಬೀರುವಿನ ಬಾಗಿಲು ನೆಗ್ಗಿದೆ. ಸೊಂಟದ ಪದ್ಧತಿ ಮಾಡಿದೆ. ಕೊಡೆ ಬಿಚ್ಚಿಕೊಂಡು ಬಲ್ಬು ಒಡೆಯಿತು, ಸೊಂಟ ತಿರುಗಿದ್ದು ವಾಪಸ್ ಬರಲಿಲ್ಲ.

ಹೆಂಡತಿ ಮುಲಾಮು ಹಚ್ಚುತ್ತಾ, "ಆಡಬೇಕು ಅನ್ನೋ ಆಸೆ ಅವಳಿಗಾ, ನಿಮಗಾ?" ಎಂದಳು. ನೋವಿನಲ್ಲಿ ಇರುವವರನ್ನು ಕೇಳುವ ಪ್ರಶ್ನೆ ಅಲ್ಲ ಇದು.

ಮಾರ್ಚ್ 12, ಮಂಗಳವಾರ

ಮೊದಲ ಅಭ್ಯಾಸ. ಬೇಕರಿಯವರು ಎಸೆದರು, ಮಕ್ಕಳು ಸರದಿಯಲ್ಲಿ ಬೀಸಿದರು. ಒಬ್ಬರು ಚೆಂಡು ಕೈಬಿಡುವ ಮೊದಲೇ ಬೀಸುತ್ತಾರೆ, ಇನ್ನೊಬ್ಬರು ಚೆಂಡು ಹಿಂದಿನ ಬಲೆಗೆ ಬಡಿದ ಮೇಲೆ. ಮೆಣಸು ಬೀಸಲೇ ಇಲ್ಲ. ಚೆಂಡು ಬರುತ್ತಿದ್ದ ಹಾಗೆ ಹೆಗಲು ಕಿವಿಯವರೆಗೆ ಏರಿಸಿ ಹಿಂದಕ್ಕೆ ಸರಿಯುತ್ತಿದ್ದಳು. ಬೇಲಿಯಾಚೆ ಬೇರೆ ಅಪ್ಪ ಅಮ್ಮಂದಿರು ನನ್ನ ಮುಖ ನೋಡುತ್ತಿದ್ದರು.

ಆಗ ನನ್ನ ಬಾಯಿಂದ ತಾನಾಗಿಯೇ "ಈಗ" ಎಂದು ಬಂತು. ಕಾರಿನಲ್ಲಿ ಕಲಿಯುವವರ ಪಕ್ಕ ಕೂತು ನಾನು ಹಗಲೆಲ್ಲ ಹೇಳುವುದು ಅದನ್ನೇ. ಕ್ಲಚ್ ಬಿಡಿ, ಈಗ. ತಿರುಗಿಸಿ, ಈಗ. ಹೇಳಿದರೂ ಮಾಡದವರಿಗಾಗಿ ನನ್ನ ಕಾಲಿನ ಕೆಳಗೆ ಇನ್ನೊಂದು ಬ್ರೇಕ್ ಇರುತ್ತದೆ. ಹೊತ್ತು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಮೆಣಸು ಬೀಸಿದಳು. ಚೆಂಡು ಠಣ್ ಎಂದು ಬೇಕರಿಯವರ ತಲೆಯ ಮೇಲಿಂದ ಹೋಯಿತು. ಅವಳೇ ಬೆಚ್ಚಿದಳು. ಇನ್ನೊಂದು ಬಂತು, ನಾನು "ಈಗ" ಎಂದೆ, ಅದೂ ಹೋಯಿತು.

ಭಯ ಅರ್ಧ ಹೋಯಿತು ಎಂದು ಮನೆಯಲ್ಲಿ ಹೇಳಿದೆ. ಹೆಂಡತಿ ಮಗಳನ್ನು ನೋಡಿದಳು. ಮಗಳು ತಟ್ಟೆ ನೋಡಿದಳು.

ಮಾರ್ಚ್ 16, ಶನಿವಾರ

ತಂಡವನ್ನು ಎರಡು ಭಾಗ ಮಾಡಿದ್ದೇನೆ. ಅರ್ಧ ಮಕ್ಕಳು ಹೆಜ್ಜೆಯವರು, ಅರ್ಧ ಸೊಂಟದವರು. ಮೆಣಸು ಸೊಂಟದ ಪಕ್ಷ. ಅವಳಿಗಳನ್ನು ಬೇಕೆಂದೇ ಬೇರೆ ಮಾಡಿದೆ. ಒಂದೇ ಅಚ್ಚಿನ ಇಬ್ಬರು ಸಿಗುವುದು ಪರೀಕ್ಷೆಗೆ ಒಳ್ಳೆಯದು. ಹೆಜ್ಜೆಗೆ ಬಿದ್ದವನು ಅಳುತ್ತಾ ಅಪ್ಪನ ಹತ್ತಿರ ಹೋದ. ಬೇಕರಿಯವರು ಇವತ್ತು ನನಗೆ ಬನ್ ಕೊಡಲಿಲ್ಲ.

ಎಲ್ಲರಿಗೂ ನಾನೇ "ಈಗ" ಹೇಳುತ್ತೇನೆ. ಇಲ್ಲದಿದ್ದರೆ ಹೋಲಿಕೆ ನ್ಯಾಯವಾಗಿರುವುದಿಲ್ಲ.

ಮಾರ್ಚ್ 21, ಗುರುವಾರ

ವಿಚಿತ್ರ. ಹೆಜ್ಜೆಯವರೂ ಚೆನ್ನಾಗಿ ಹೊಡೆಯುತ್ತಿದ್ದಾರೆ, ಸೊಂಟದವರೂ ಅಷ್ಟೇ ಚೆನ್ನಾಗಿ ಹೊಡೆಯುತ್ತಿದ್ದಾರೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅದಲು ಬದಲು ಮಾಡಿದೆ. ಆಗಲೂ ಅಷ್ಟೇ. ಒಬ್ಬಳು ಎರಡನ್ನೂ ಮರೆತು, ಒಂಟಿ ಕಾಲಲ್ಲಿ ಹೊಡೆದಳು. ಅದೂ ಹೋಯಿತು.

ಹಳೆಯ ಕೋಚ್ ಫೋನ್ ಮಾಡಿ, "ಯಾವುದಯ್ಯಾ ಗೆದ್ದದ್ದು?" ಎಂದರು. ಇನ್ನೂ ಪರಿಶೀಲನೆಯಲ್ಲಿದೆ ಎಂದೆ. ಸಂಜೆ ಬೇಕರಿಯವರೂ ಅದನ್ನೇ ಕೇಳಿದರು. ಕಲಿಸುವವರು ಸರಿಯಾಗಿದ್ದರೆ ಯಾವ ಪದ್ಧತಿಯಾದರೂ ಸರಿ ಎಂಬುದೇ ಸದ್ಯಕ್ಕೆ ನನ್ನ ತೀರ್ಮಾನ. ಬಾಯಿ ಬಿಟ್ಟು ಹೇಳಿದರೆ ಜಂಬ ಎನಿಸೀತು ಎಂದು ಹೇಳಲಿಲ್ಲ.

ಮಾರ್ಚ್ 30, ಶನಿವಾರ

ಗೆದ್ದೆವು. ಈ ತಂಡ ಗೆದ್ದದ್ದು ಯಾವಾಗ ಎಂದು ಯಾರಿಗೂ ನೆನಪಿಲ್ಲ. ಮೆಣಸು ಎರಡು ಸಲ ಹೊಡೆದು ಓಡಿದಳು. ಇಬ್ಬರು ಪೋಷಕರು ನನ್ನ ಕೈ ಕುಲುಕಿದರು. ಒಬ್ಬರು ತಮ್ಮ ದೊಡ್ಡ ಮಗನಿಗೆ ಲೆಕ್ಕದ ಪಾಠವನ್ನೂ ಹೇಳಿಕೊಡುತ್ತೀರಾ ಎಂದು ಕೇಳಿದರು.

ಯಾರೋ ಅವಳು ಹೊಡೆಯುವ ಕ್ಷಣದ ಫೋಟೋ ತೆಗೆದು ಕಳಿಸಿದ್ದಾರೆ. ಎಂದಿನಂತೆ ಕಣ್ಣು ಮುಚ್ಚಿದ್ದಾಳೆ. ಅವಳ ಅಮ್ಮನೂ ಫೋಟೋದಲ್ಲಿ ಹಾಗೆಯೇ, ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ನಾನೊಬ್ಬನೇ ಎಚ್ಚರವಾಗಿರುವುದು. ಫ್ರೇಮ್ ಹಾಕಿಸುತ್ತೇನೆ ಎಂದೆ. ಹೆಂಡತಿ ಫೋನು ಇಸಿದುಕೊಂಡು ಫೋಟೋ ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದಳು.

"ಇದೊಂದೇ ಫೋಟೋನಾ?" ಎಂದಳು.

"ಇನ್ನೂ ಇವೆ. ಎಲ್ಲದರಲ್ಲೂ ಹಾಗೇ ಬಂದಿದೆ. ತೆಗೆದವರಿಗೆ ಕೈ ಸರಿಯಿಲ್ಲ," ಎಂದೆ.

ಏಪ್ರಿಲ್ 2, ಮಂಗಳವಾರ

ಬ್ಯಾಂಕಿನ ಮೇಡಂ ಮತ್ತೆ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾದರು. ನನ್ನ ಹತ್ತಿರ ಕಲಿಯಲು ಶುರು ಮಾಡಿ ವರ್ಷವಾಗುತ್ತಾ ಬಂತು. ನನ್ನ ಜೊತೆ ಇದ್ದಾಗ ಇಡೀ ಊರು ಸುತ್ತುತ್ತಾರೆ, ಒಂದು ಗೀರು ಬೀಳುವುದಿಲ್ಲ. ಟೆಸ್ಟಿನಲ್ಲಿ ಸಾಹೇಬರು ಪಕ್ಕ ಕೂತರೆ ಗೇಟಿನ ಕಂಬವೇ ಬೇಕು ಅವರಿಗೆ.

"ಸಾರ್, ಕಾರು ಓಡಿಸೋದು ನಾನಲ್ಲ. ನಿಮ್ಮ ಕಾಲು," ಎಂದರು. "ನಾನು ಸುಮ್ನೆ ಸ್ಟೀರಿಂಗ್ ಹಿಡ್ಕೊಂಡು ಕೂತಿರ್ತೀನಿ."

ಸೋತವರು ಏನಾದರೂ ಅನ್ನುತ್ತಾರೆ. ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಏಪ್ರಿಲ್ 4, ಗುರುವಾರ

ಗಂಟಲು ಕಟ್ಟಿದೆ. ಮಾತು ಹೊರಡುತ್ತಿಲ್ಲ. ಅಭ್ಯಾಸದಲ್ಲಿ ಸುಮ್ಮನೆ ನಿಂತು ಕೈಸನ್ನೆ ಮಾಡಿದೆ. ಒಬ್ಬರಿಗೂ ಒಂದು ಚೆಂಡೂ ಸಿಗಲಿಲ್ಲ. ಹೆಜ್ಜೆಯವರೂ ಇಲ್ಲ, ಸೊಂಟದವರೂ ಇಲ್ಲ. ಮೆಣಸು ಮೊದಲ ದಿನದ ಹಾಗೆ ಹೆಗಲೇರಿಸಿ ನಿಂತುಬಿಟ್ಟಳು. ಗಾಳಿ ಎದುರಿನಿಂದ ಬೀಸುತ್ತಿತ್ತು, ಅದೇ ಕಾರಣ ಇರಬೇಕು.

ಏಪ್ರಿಲ್ 6, ಶನಿವಾರ

ಗಂಟಲು ಬಿಟ್ಟಿತು. ಗೆದ್ದೆವು. ಗಾಳಿ ಇವತ್ತೂ ಎದುರಿನಿಂದಲೇ ಇತ್ತು. ಅದನ್ನು ಆಮೇಲೆ ಯೋಚಿಸುತ್ತೇನೆ.

ಏಪ್ರಿಲ್ 13, ಶನಿವಾರ

ಎದುರು ತಂಡದ ಕೋಚ್ ಒಬ್ಬ ಎತ್ತರದ ಹೆಂಗಸು. ಬಿಡುವಿನ ವೇಳೆ ನಿಂಬೆಹಣ್ಣು ಚೀಪುತ್ತಾ ನಿಂತಿರುತ್ತಾಳೆ. ಮೊದಲ ಸುತ್ತಿನಲ್ಲಿ ನಮ್ಮ ಮಕ್ಕಳು ಚೆನ್ನಾಗಿ ಹೊಡೆದರು. ಆಕೆ ನನ್ನನ್ನೇ ನೋಡುತ್ತಿದ್ದಳು. ನನ್ನ ಪದ್ಧತಿಯನ್ನು ಗಮನಿಸುತ್ತಿದ್ದಾಳೆ ಎಂದು ಒಳಗೊಳಗೇ ಹಿಗ್ಗಿದೆ.

ಎರಡನೇ ಸುತ್ತು. ಅವರ ಹುಡುಗ ಎಸೆಯಲು ಕೈ ಎತ್ತಿದ. ಚೆಂಡು ಇನ್ನೂ ಅವನ ಕೈಯಲ್ಲೇ ಇದೆ, ಆಕೆ ಆ ತುದಿಯಿಂದ "ಈಗ" ಎಂದಳು. ನಮ್ಮ ಹುಡುಗ ಬೀಸಿದ. ಅಲ್ಲಿ ಚೆಂಡು ಇರಲಿಲ್ಲ.

ಮುಂದಿನವನೂ ಬೀಸಿದ. ಅದರ ಮುಂದಿನವಳೂ. ಅವಳಿಗಳು ಒಬ್ಬರ ನಂತರ ಒಬ್ಬರು ಬಂದು ಖಾಲಿ ಗಾಳಿಯನ್ನು ಅಂದವಾಗಿ ಹೊಡೆದು ಹೋದರು, ಒಬ್ಬ ಹೆಜ್ಜೆ ಹಾಕಿ, ಇನ್ನೊಬ್ಬ ಸೊಂಟ ತಿರುಗಿಸಿ. ಬೇಲಿಯಾಚೆ ಜನ ನಗಲು ಶುರು ಮಾಡಿದರು. ನಾನು ಇನ್ನೂ ಜೋರಾಗಿ "ಈಗ" ಎಂದೆ. ಆಕೆ ಅದಕ್ಕಿಂತ ಜೋರಾಗಿ ಎಂದಳು. ಒಂದು ಹುಡುಗಿ ಎರಡಕ್ಕೂ ಬೀಸಿ ಗಿರಕಿ ಹೊಡೆದು ಕೂತುಬಿಟ್ಟಳು.

ಅಂಪೈರ್ ಹತ್ತಿರ ಹೋಗಿ ದೂರು ಕೊಟ್ಟೆ. ಅದು ನನ್ನ ಪದ ಎಂದೆ.

"ನಿಮ್ಮ ಪದ ಅಂದ್ರೆ?" ಎಂದರು ಅವರು. "ಈಗ ಅನ್ನೋದನ್ನ ಎಲ್ಲರೂ ಅಂತಾರೆ. ನಮ್ಮ ಮನೇಲೂ ಅಂತಾರೆ."

ನಾನು ತಿರುಗಿ ಬರುತ್ತಿದ್ದೆ. ಹೊಡೆಯುವ ಜಾಗದಲ್ಲಿ ಮೆಣಸು ನಿಂತಿದ್ದಳು. ಆಕೆ "ಈಗ" ಎಂದಳು, ಮೆಣಸು ಬೀಸಿ ಮುಗಿಸಿದಳು, ಚೆಂಡು ಆಮೇಲೆ ಬಂತು. ಹುಡುಗನ ಕೈ ತಪ್ಪಿ ಅದು ಅವಳ ಮುಖದ ಎತ್ತರಕ್ಕೇ ಬರುತ್ತಿತ್ತು. ಅವಳು ತಲೆ ತಗ್ಗಿಸಲಿಲ್ಲ. ಹಿಂದೆ ಸರಿಯಲಿಲ್ಲ. ಏನೂ ಬರುತ್ತಿಲ್ಲ ಎನ್ನುವ ಹಾಗೆ ನಿಂತಿದ್ದಳು. ಚೆಂಡು ಹೆಲ್ಮೆಟಿನ ಅಂಚನ್ನು ಸವರಿಕೊಂಡು ಹೋಯಿತು.

ಎಲ್ಲರೂ ಓಡಿದೆವು. ಅವಳಿಗೆ ಏನೂ ಆಗಿರಲಿಲ್ಲ. ಏನಾಯಿತು ಎಂದೇ ಅವಳಿಗೆ ಗೊತ್ತಿರಲಿಲ್ಲ. "ಏನೋ ತಾಗ್ತು," ಎಂದಳು.

ಸೋತೆವು. ಎಷ್ಟರಿಂದ ಎಂದು ಬರೆಯುವುದಿಲ್ಲ.

ಏಪ್ರಿಲ್ 14, ಭಾನುವಾರ

ಬೆಳಿಗ್ಗೆ ಅವಳ ಮಂಚದ ತುದಿಯಲ್ಲಿ ಕೂತು ಕೇಳಿದೆ, ಚೆಂಡು ಅಷ್ಟು ಹತ್ತಿರ ಬಂದರೂ ಯಾಕೆ ಬಗ್ಗಲಿಲ್ಲ ಎಂದು.

"ಕಾಣಲಿಲ್ಲ."

"ಯಾಕೆ ಕಾಣಲಿಲ್ಲ? ಬಿಸಿಲಿತ್ತಾ?"

"ಕಣ್ಣು ಮುಚ್ಚಿಕೊಂಡಿದ್ದೆ ಅಪ್ಪ."

"ಬೀಸಿದ ಮೇಲಾ?"

"ಮೊದಲಿಂದ್ಲೂ. ನೀನು ಈಗ ಅಂತೀಯಲ್ಲ, ಆಗ ಹೊಡೀತಿದ್ದೆ. ಕಣ್ಣು ತೆಗೆದ್ರೆ ಚೆಂಡು ಬರೋದು ಕಾಣುತ್ತೆ. ಕಂಡ್ರೆ ಭಯ ಆಗುತ್ತೆ."

ಅಂದರೆ ಮಾರ್ಚಿನಿಂದಲೂ. ಗೆದ್ದ ದಿನವೂ. ನಾನು ಕೈ ಕುಲುಕಿಸಿಕೊಂಡು ನಿಂತಿದ್ದಾಗಲೂ. ಯಾಕೆ ಹೇಳಲಿಲ್ಲ ಎಂದೆ.

"ನಿಂಗೆ ಖುಷಿಯಾಗಿತ್ತು," ಎಂದಳು.

ಆಮೇಲೆ ಅವಳು ಹಲ್ಲುಜ್ಜಲು ಹೋದಳು. ನನ್ನ ಮಗಳನ್ನು ನಾನೇ ಕಣ್ಣು ಮುಚ್ಚಿಸಿ ಚೆಂಡಿನ ಮುಂದೆ ನಿಲ್ಲಿಸಿದ್ದೇನೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ, ಭಯವೂ ಆಗುತ್ತಿದೆ. ಹೆಂಡತಿಗೆ ಹೇಳಿದೆ.

"ಫೋಟೋ ನೋಡಿದಾಗಲೇ ಅನುಮಾನ ಬಂತು," ಎಂದಳು. "ನೀವು ಫ್ರೇಮ್ ಅಂತ ಕುಣೀತಿದ್ರಿ. ಅವಳೂ ನಿಮ್ಮ ಮುಖಾನೇ ನೋಡ್ತಿದ್ಳು. ಆಗ ನಾನು ಬಾಯಿ ಮುಚ್ಕೊಂಡೆ ನೋಡಿ, ನನಗೇ ಹೊಡ್ಕೋಬೇಕು ಅನ್ಸುತ್ತೆ. ಸಾಕು. ಬ್ಯಾಟ್ ಅಟ್ಟಕ್ಕೆ."

ನಾನು ಕುರ್ಚಿ ಹಾಕಿಕೊಂಡು ಬ್ಯಾಟನ್ನು ಅಟ್ಟಕ್ಕೆ ಹಾಕಿದೆ.

ಏಪ್ರಿಲ್ 15, ಸೋಮವಾರ

ಮೂವರೂ ಊಟ ಮಾಡಿದೆವು. ಮೆಣಸು ಊಟದ ನಡುವೆ ಎರಡು ಸಲ ಅಟ್ಟದ ಕಡೆ ನೋಡಿದಳು.

ಏಪ್ರಿಲ್ 16, ಮಂಗಳವಾರ

ಸಂಜೆ ಮನೆಗೆ ಬಂದರೆ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಮೆಣಸು. ಬ್ಯಾಟ್ ಇಳಿಸಿಕೊಂಡಿದ್ದಾಳೆ, ಇಳಿಯಲು ಮಾತ್ರ ಆಗುತ್ತಿಲ್ಲ. ಕೆಳಗೆ ಅವಳ ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಎಷ್ಟು ಹೊತ್ತಿನಿಂದ ಹೀಗೆ ನಡೆದಿತ್ತೋ ಗೊತ್ತಿಲ್ಲ.

"ಭಯ ಆಗುತ್ತೆ ಅಂದ್ಯಲ್ಲ," ಎಂದಳು ಅಮ್ಮ.

"ಆಗುತ್ತೆ."

"ಮತ್ತೆ ಯಾಕೆ ಬೇಕು ಇದು?"

"ನಂಗೆ ಆಡ್ಬೇಕು. ಅಪ್ಪಂಗಲ್ಲ. ನಂಗೆ." ಅತ್ತುಬಿಟ್ಟಳು. "ಕಡೇ ಮ್ಯಾಚ್ ಇದೆ. ಅದೊಂದು ಆಡಿಬಿಡ್ತೀನಿ. ಕಣ್ಣು ಬಿಟ್ಕೊಂಡು."

ಹೆಂಡತಿ ಅವಳನ್ನು ಎತ್ತಿ ಇಳಿಸಿದಳು. ಹನ್ನೊಂದು ವರ್ಷದ ಹುಡುಗಿಯನ್ನು ಎತ್ತುವುದು ಸುಲಭವಲ್ಲ. ಆಮೇಲೆ ನಮ್ಮಿಬ್ಬರನ್ನೂ ಸೋಫಾದಲ್ಲಿ ಕೂರಿಸಿದಳು.

"ನೀವು ಬಾಯಿ ಬಿಡಬಾರದು. ನೀನು ಕಣ್ಣು ಮುಚ್ಚಬಾರದು. ಅವತ್ತು ನಾನು ಬೇಲಿ ಹತ್ರಾನೇ ನಿಂತಿರ್ತೀನಿ. ಒಂದು ಸಲ ಮುಚ್ಚಿದ್ರೂ ಒಳಗೆ ಬಂದು ಕೈ ಹಿಡಿದು ಕರ್ಕೊಂಡು ಹೋಗ್ತೀನಿ, ಮತ್ತೆ ಬೇಸ್‌ಬಾಲ್ ಹೆಸರು ಎತ್ತೋ ಹಾಗಿಲ್ಲ. ಒಪ್ಪಿಗೇನಾ?"

ಇಬ್ಬರೂ ಒಪ್ಪಿದೆವು.

ಏಪ್ರಿಲ್ 18, ಗುರುವಾರ

ಹೆಂಡತಿಯೇ ತರಬೇತಿ ಶುರು ಮಾಡಿದ್ದಾಳೆ. ಮನೆಯ ಕಾಲುಚೀಲಗಳನ್ನೆಲ್ಲ ಸುತ್ತಿ ಉಂಡೆ ಮಾಡಿ ಬುಟ್ಟಿಯಲ್ಲಿ ತುಂಬಿದ್ದಾಳೆ. ಪಡಸಾಲೆಯ ಆ ತುದಿಯಲ್ಲಿ ಮೆಣಸು, ಈ ತುದಿಯಲ್ಲಿ ಅವಳು. ಹೊಡೆಯುವ ಹಾಗಿಲ್ಲ. ಬಂದು ತಾಗುವ ಮೊದಲು ಬಣ್ಣ ಹೇಳಬೇಕು, ಅಷ್ಟೇ.

ಮೊದಮೊದಲು ಎಲ್ಲವೂ ಮುಖಕ್ಕೆ ಬಡಿದವು, ಮೆಣಸು ಎಲ್ಲಕ್ಕೂ "ಕಪ್ಪು" ಎಂದಳು. ಕಣ್ಣು ಮುಚ್ಚಿದರೆ ಎಲ್ಲವೂ ಕಪ್ಪೇ. ಹೆಂಡತಿ ರೇಗಲಿಲ್ಲ. ಹತ್ತಿರ ಬಂದು ಮೆಲ್ಲಗೆ ಎಸೆದಳು, ಆಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋದಳು. ಅವಳು ಇಷ್ಟು ಗುರಿಯಿಟ್ಟು ಎಸೆಯುತ್ತಾಳೆ ಎಂದು ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ಇನ್ನು ಮುಂದೆ ಮಾತಿನಲ್ಲಿ ಸ್ವಲ್ಪ ಹುಷಾರಾಗಿರಬೇಕು.

ನನ್ನ ಕೆಲಸ ಬಿದ್ದ ಕಾಲುಚೀಲ ಹೆಕ್ಕುವುದು. ಎರಡು ಸಲ "ಈಗ" ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ಹಿಡಿದೆ.

ಏಪ್ರಿಲ್ 20, ಶನಿವಾರ

ಅಭ್ಯಾಸಕ್ಕೆ ಮೊದಲು ಮಕ್ಕಳನ್ನು ಕೂರಿಸಿ, ಇನ್ನು ಮೇಲೆ ನಾನು "ಈಗ" ಹೇಳುವುದಿಲ್ಲ ಎಂದೆ. ಮತ್ತೆ ಯಾರು ಹೇಳುತ್ತಾರೆ ಎಂದು ಅವಳಿಗಳಲ್ಲಿ ಒಬ್ಬ ಕೇಳಿದ. ಯಾರೂ ಇಲ್ಲ ಎಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸಂಜೆಯವರೆಗೆ ಬರೀ ಗಾಳಿಗೆ ಬೀಸಿದರು. ನಡುವೆ ಒಂದೆರಡು ತಾಗಿದವು. ತಾಗಿದಾಗ ಹೊಡೆದವರು ನನ್ನ ಕಡೆ ನೋಡದೆ ಚೆಂಡು ಹೋದ ಕಡೆ ನೋಡಿದರು. ಇದು ಹೊಸದು.

ಬ್ಯಾಂಕಿನ ಮೇಡಂ ಜೊತೆ ಇವತ್ತು ಕಾಲು ಮಡಚಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಕಾಲು ಕೆಳಗಿದ್ದರೆ ಅದು ನನ್ನ ಮಾತು ಕೇಳುವುದಿಲ್ಲ. ಅವರು ತಿರುವಿನಲ್ಲಿ ಕಸದ ಡಬ್ಬಿ ಉರುಳಿಸಿದರು. ಇಳಿದು, ಎತ್ತಿ ನಿಲ್ಲಿಸಿ, ಮತ್ತೆ ಬಂದು ಕೂತರು. "ಅದು ಅಲ್ಲಿದೆ ಅಂತ ಈಗ ಗೊತ್ತಾಯ್ತು," ಎಂದರು. ಆಮೇಲಿನ ತಿರುವುಗಳಲ್ಲಿ ಅವರೇ ಬ್ರೇಕ್ ಹಾಕಿದರು. ನನಗೆ ಮಂಡಿ ಹಿಡಿದುಕೊಂಡಿದೆ.

ಏಪ್ರಿಲ್ 25, ಗುರುವಾರ

ನೀಲಿ, ಕೆಂಪು, ನೀಲಿ, ಅಪ್ಪನ ತೂತಿನದು. ಇವತ್ತು ಒಂದೂ ತಪ್ಪು ಹೇಳಲಿಲ್ಲ. ಆದರೆ ಕಾಲುಚೀಲ ಬೇರೆ, ಚೆಂಡು ಬೇರೆ. ಅವಳಿಗೂ ಅದು ಗೊತ್ತು. ಮಲಗುವ ಮೊದಲು, "ನಿಜವಾದ ಚೆಂಡು ಬಂದಾಗ ಕಣ್ಣು ತಾನಾಗೇ ಮುಚ್ಚಿಕೊಂಡ್ರೆ?" ಎಂದಳು.

ಗೊತ್ತಿಲ್ಲ ಎಂದೆ.

ಹಳೆಯ ಕೋಚ್ ಫೋನ್ ಮಾಡಿ ಹೆಜ್ಜೆಯೋ ಸೊಂಟವೋ ಎಂದು ಮತ್ತೆ ಕೇಳಿದರು. ಅದಕ್ಕೂ ಗೊತ್ತಿಲ್ಲ ಎಂದೆ. "ಇಷ್ಟು ದಿನ ಏನು ಮಾಡಿದೆಯಯ್ಯಾ ಹಾಗಾದ್ರೆ?" ಎಂದರು.

ಏಪ್ರಿಲ್ 27, ಶನಿವಾರ

ಕೊನೆಯ ಮ್ಯಾಚ್. ಮತ್ತೆ ಅದೇ ನಿಂಬೆಹಣ್ಣಿನ ತಂಡ. ಆಕೆ ಮೊದಲ ಹುಡುಗನಿಗೆ "ಈಗ" ಎಂದಳು. ಅವನು ಬೀಸಲಿಲ್ಲ. ಎರಡನೆಯವನಿಗೂ ಎಂದಳು. ಅವನು ಅವಳ ಕಡೆ ತಿರುಗಿ, "ಯಾಕೆ ಆಂಟಿ?" ಎಂದ. ಆಮೇಲೆ ಆಕೆ ಸುಮ್ಮನಾದಳು.

ನಾನು ಅಂಗಿಯ ಕಾಲರಿನ ತುದಿ ಬಾಯಲ್ಲಿ ಕಚ್ಚಿಕೊಂಡು ನಿಂತಿದ್ದೆ. ಮಕ್ಕಳು ಕೆಲವು ಹೊಡೆದರು, ಹೆಚ್ಚಿನವು ತಪ್ಪಿದವು. ಒಬ್ಬ ಹೆಜ್ಜೆ ಹಾಕಿ ಸೊಂಟವನ್ನೂ ತಿರುಗಿಸಿದ. ಬೇಕರಿಯವರು ನನ್ನ ಕಡೆ ನೋಡಿದರು. ನಾನು ಹೆಗಲು ಕುಣಿಸಿದೆ.

ಕೊನೆಯ ಸುತ್ತಿನಲ್ಲಿ ನಾವು ಒಂದು ಓಟ ಹಿಂದಿದ್ದೆವು. ಇನ್ನೊಬ್ಬರು ಔಟಾದರೆ ಮುಗಿಯಿತು. ಸರದಿ ಮೆಣಸಿನದು. ಅವಳ ಅಮ್ಮ ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ ನಿಂತಿದ್ದಳು. ಗೇಟು ಅವಳ ಪಕ್ಕದಲ್ಲೇ ಇತ್ತು, ಚಿಲಕ ತೆಗೆದಿತ್ತು.

ಮೊದಲ ಚೆಂಡು ಬಂತು. ಮೆಣಸಿನ ಹೆಗಲು ಕಿವಿಗೆ ಏರಿತು. ಕಾಲು ಹಿಂದೆ ಹೋಗಲಿಲ್ಲ. ಕಣ್ಣು ತೆರೆದಿತ್ತು. ಬೀಸಲಿಲ್ಲ. ಸ್ಟ್ರೈಕ್ ಎಂದರು ಅಂಪೈರ್. ಅಂದರೆ ಒಂದು ತಪ್ಪು.

ಎರಡನೆಯದು. ಹೊತ್ತು ಬಂತು, ಹೋಯಿತು. ನನ್ನ ಬಾಯಲ್ಲಿ ಬಟ್ಟೆ ಇತ್ತು. ಅವಳು ತಡವಾಗಿ ಬೀಸಿದಳು, ಹೆಜ್ಜೆಯೂ ಇಲ್ಲ, ಸೊಂಟವೂ ಇಲ್ಲ, ಬಾಗಿಲಿಗೆ ಅಡ್ಡ ಬಂದ ದನವನ್ನು ಓಡಿಸಿದ ಹಾಗೆ. ಟಿಕ್ ಎಂದು ತುದಿಗೆ ತಾಗಿ ಚೆಂಡು ಹಿಂದಕ್ಕೆ ಹಾರಿ ಬಲೆಗೆ ಬಿತ್ತು. ಅದೂ ತಪ್ಪಿದ ಲೆಕ್ಕವೇ, ಎರಡಾಯಿತು. ಆದರೆ ತಾಗಿತ್ತು. ಅವಳು ತಿರುಗಿ ಬಲೆಯಲ್ಲಿ ಬಿದ್ದ ಚೆಂಡನ್ನು ನೋಡಿದಳು, ಮತ್ತೆ ತಿರುಗಿ ಎಸೆಯುವವನನ್ನು ನೋಡಿದಳು. ಹೆಗಲು ಕೆಳಗೆ ಇಳಿದಿತ್ತು.

ಮೂರನೆಯದು ಬಂತು. ಅವಳು ಬ್ಯಾಟನ್ನು ಅಲ್ಲಾಡಿಸದೆ ಅದು ಹೋಗುವವರೆಗೂ ತಲೆ ತಿರುಗಿಸಿ ನೋಡಿದಳು.

"ಸ್ಟ್ರೈಕ್. ಔಟ್," ಎಂದರು ಅಂಪೈರ್.

ಎದುರು ತಂಡದ ಮಕ್ಕಳು ಕೂಗುತ್ತಾ ಮೈದಾನಕ್ಕೆ ಓಡಿ ಬಂದರು. ನಾವು ಸೋತಿದ್ದೆವು. ಅಳುತ್ತಾಳೆ ಎಂದುಕೊಂಡು ನಾನು ಮುಂದೆ ಹೋದೆ. ಗೇಟಿನಿಂದ ಹೆಂಡತಿಯೂ ಬರುತ್ತಿದ್ದಳು. ಮೆಣಸು ಅಳುತ್ತಿರಲಿಲ್ಲ. ಹೆಲ್ಮೆಟ್ ತೆಗೆದು ನೆಲಕ್ಕೆ ಇಟ್ಟು, ಅಂಪೈರ್ ಮುಂದೆ ಹೋಗಿ ನಿಂತಿದ್ದಳು. ಅವರ ಎದೆಯವರೆಗೂ ಬರುತ್ತಿರಲಿಲ್ಲ.

"ಅದು ಔಟಲ್ಲ ಸಾರ್. ಚೆಂಡು ಹೊರಗಡೆ ಹೋಯ್ತು."

"ಒಳಗೇ ಇತ್ತಮ್ಮಾ."

"ಇಲ್ಲ ಸಾರ್. ಮೊದಲು ಒಳಗೇ ಬರ್ತಿತ್ತು, ಆಮೇಲೆ ಆ ಕಡೆ ಹೋಯ್ತು. ಇಷ್ಟು ಹೊರಗೆ. ನಾನು ಕಣ್ಣಾರೆ ನೋಡಿದ್ದೀನಿ."

ಹೆಂಡತಿ ಅರ್ಧ ದಾರಿಯಲ್ಲೇ ನಿಂತುಬಿಟ್ಟಳು. ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೂ ಬಂತು.

ಚೆಂಡು ಒಳಗಿತ್ತೋ ಹೊರಗಿತ್ತೋ ನನಗೆ ಗೊತ್ತಿಲ್ಲ. ನಾನು ಚೆಂಡನ್ನು ನೋಡಿರಲಿಲ್ಲ. ಅವಳ ಕಣ್ಣನ್ನೇ ನೋಡುತ್ತಿದ್ದೆ.

ಅಂಪೈರ್ ಅವಳ ತಲೆಯ ಮೇಲಿಂದ ನನ್ನ ಕಡೆ ನೋಡಿದರು. "ಕೋಚ್, ಬಂದು ನಿಮ್ಮ ಹುಡುಗಿಗೆ ಸ್ವಲ್ಪ ಹೇಳಿ."

ಕೋಚ್ ಆದವನು ಆಗ ಕ್ಷಮೆ ಕೇಳಿ ಅವಳನ್ನು ಕರೆದುಕೊಂಡು ಬರಬೇಕು. ನಾನು ನಿಂತಲ್ಲೇ ನಿಂತಿದ್ದೆ. ಅವಳು ಆಗಲೇ ನೆಲದ ಮೇಲೆ ಬ್ಯಾಟಿನಿಂದ ಗೆರೆ ಎಳೆದು, ಚೆಂಡು ಎಲ್ಲಿಂದ ಬಂತು, ಎಲ್ಲಿ ತಿರುಗಿತು ಎಂದು ತೋರಿಸಲು ಶುರು ಮಾಡಿದ್ದಳು. ಅವಳು ಹೇಳುವುದು ಇನ್ನೂ ಇತ್ತು.